ಅರವತ್ತು ಗಂಟೆಯ ಹೂಂ

ಲೋಕದಲ್ಲಿ ‘ಯಾಕೆ’ ಎಂದು ಕೇಳುವವರು ಜಗಳ ಕಾಯುತ್ತಾರೆ, ‘ಆಗಲ್ಲ’ ಎನ್ನುವವರು ಹೊತ್ತಿಗೆ ಸರಿಯಾಗಿ ಮನೆ ಸೇರುತ್ತಾರೆ. ನಮ್ಮ ಸ್ಟೋರ್‌ಕೀಪರಿಗೆ ಇವೆರಡೂ ಬರುತ್ತಿರಲಿಲ್ಲ. ಬರುತ್ತಿದ್ದದ್ದು ‘ಹೂಂ’ ಒಂದೇ. ರಟ್ಟಿನ ಡಬ್ಬಿ ಮಾಡುವ ಕಾರ್ಖಾನೆಯ ಸ್ಟೋರನ್ನು ಇಪ್ಪತ್ತೆರಡು ವರ್ಷ ಅದರ ಮೇಲೆಯೇ ನಡೆಸಿದ್ದರು. ಸಂಸಾರವನ್ನೂ ಅಷ್ಟೇ. ಹಾಗೆಂದು ಅದೇನು ಬೇಕಾಬಿಟ್ಟಿ ಹೂಂ ಅಲ್ಲ. ಸಾವಿನ ಸುದ್ದಿಗೆ ಎಳೆದು ಬಿಡುವ ಹೂಂ ಬೇರೆ, ಚಾಡಿ ಹೇಳುವವರಿಗೆ ಹುಬ್ಬು ಹಾರಿಸಿ ಕೊಡುವ ಹೂಂ ಬೇರೆ, ಮಾತಿನ ನಡುವೆ ತಡವರಿಸಿದವರನ್ನು ಮೆಲ್ಲಗೆ ಮುಂದಕ್ಕೆ ತಳ್ಳುವ ಪುಟ್ಟ ಹೂಂ ಬೇರೆ. ಹೇಳಿದವರಿಗೆ ‘ಅಬ್ಬಾ, ನನ್ನ ಕಷ್ಟ ಅರ್ಥವಾದದ್ದು ಇವರೊಬ್ಬರಿಗೇ’ ಎನಿಸಬೇಕು, ಅಂಥದ್ದು. ಒಳಗೆ ನಿಜವಾಗಿ ಅರ್ಥವಾಗಿದೆಯೋ ಇಲ್ಲವೋ ಎಂದು ಯಾರೂ ಇಣುಕಿ ನೋಡಿರಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಇದೇ ಹೂಂ ಅವರನ್ನು ಹಳ್ಳಕ್ಕೆ ಕೆಡವಿತು.

ಮ್ಯಾನೇಜರ್ ಎಲ್ಲರನ್ನೂ ಕೂಡಿಸಿ ಮೀಟಿಂಗ್ ಮಾಡುತ್ತಿದ್ದರು. ಸ್ಟೋರ್‌ಕೀಪರ್ ಮೂಲೆಯ ಕುರ್ಚಿಯಲ್ಲಿ ಕೂತು ಕಿಟಕಿಯಾಚೆ ನೋಡುತ್ತಿದ್ದರು. ಅಲ್ಲೊಬ್ಬ ಪೇಂಟರ್ ಏಣಿ ಹತ್ತಿ, ಗೋಡೆ ಬಿಟ್ಟು ತಾನು ನಿಂತ ಏಣಿಗೇ ಬಣ್ಣ ಬಳಿಯುತ್ತಿದ್ದ. ಇನ್ನು ಇವನು ಇಳಿಯುವುದು ಹೇಗಪ್ಪಾ ಎಂಬ ಚಿಂತೆಯಲ್ಲಿ ಮುಳುಗಿದ್ದ ಸ್ಟೋರ್‌ಕೀಪರ್, ಅಭ್ಯಾಸಬಲದಿಂದ ನಡುನಡುವೆ ಮೀಟಿಂಗಿಗೂ ಒಂದೊಂದು ಹೂಂ ಹಾಕುತ್ತಿದ್ದರು. ಅಂಥದೊಂದು ಹೂಂ ಬಿದ್ದದ್ದೇ ತಡ, ಕೋಣೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು.

“ಭೇಷ್!” ಎಂದು ಮ್ಯಾನೇಜರ್ ಎದ್ದು ಬಂದು ಕೈ ಕುಲುಕಿದರು. “ಇಷ್ಟು ಜನರಲ್ಲಿ ನೀವೊಬ್ರಾದ್ರೂ ಧೈರ್ಯ ಮಾಡಿದ್ರಲ್ಲ!”

ಯಾವುದಕ್ಕೆ ಧೈರ್ಯ ಮಾಡಿದೆ ಎಂಬುದು ಹೊರಗೆ ಬಂದ ಮೇಲೆ ಷಡ್ಡಕನಿಂದ ತಿಳಿಯಿತು. ಷಡ್ಡಕನೆಂದರೆ ಇವರ ಹೆಂಡತಿಯ ತಂಗಿಯ ಗಂಡ. ಅದೇ ಕಾರ್ಖಾನೆಯಲ್ಲಿ ಕಟಿಂಗ್ ಸೆಕ್ಷನ್ನಿನ ಸೂಪರ್‌ವೈಸರ್. ವಯಸ್ಸಿನಲ್ಲಿ ಎಂಟು ವರ್ಷ ಚಿಕ್ಕವನು, ಬಾಯಲ್ಲಿ ಎಂಟು ಜನರಿಗೆ ಸಮ. ಹುಟ್ಟಿದಾಗಿನಿಂದ ಒಬ್ಬರ ಮಾತನ್ನೂ ಪೂರ್ತಿಯಾಗಲು ಬಿಟ್ಟವನಲ್ಲ.

“ಏನ್ ಭಾವ, ಈ ವಯಸ್ಸಲ್ಲಿ ಫಾರಿನ್ ಭಾಷೆ ಕಲಿಯೋಕೆ ಹೊರಟ್ರಿ!”

“ನಾನಾ? ಯಾವಾ...”

“ಇನ್ನು ನಾಲ್ಕು ತಿಂಗಳಿಗೆ ಹೊಸ ಮೆಷಿನ್ ಬರ್ತಾ ಇದೆ. ಅದನ್ನ ಕೂರಿಸೋಕೆ ಆ ದೇಶದಿಂದ ಮೆಕ್ಯಾನಿಕ್ ಬರ್ತಾನೆ. ಅವನ ಭಾಷೆ ನಮಗೆ ಬರಲ್ಲ, ನಮ್ಮದು ಅವನಿಗೆ ಬರಲ್ಲ. ಅದಕ್ಕೆ ಮೆಷಿನ್ ಕಂಪನಿಯೋರೇ ಒಂದು ಏರ್ಪಾಡು ಮಾಡಿದಾರೆ. ದಿನಾ ಸಂಜೆ ಒಂದು ಗಂಟೆ ಇಂಟರ್‌ನೆಟ್‌ನಲ್ಲಿ ನೀವಿಬ್ರೂ ಮುಖ ನೋಡ್ಕೊಂಡು ಕೂರ್ಬೇಕು. ಅರ್ಧ ಗಂಟೆ ಅವನು ನಿಮಗೆ ಕಲಿಸ್ಬೇಕು, ಅರ್ಧ ಗಂಟೆ ನೀವು ಅವನಿಗೆ. ಕಲಿತ್ರೆ ಹೊಸ ಮೆಷಿನ್‌ಗೆ ನೀವೇ ಇನ್‌ಚಾರ್ಜ್.”

“ಕಲೀಲಿಲ್ಲ ಅಂದ್ರೆ?”

“ನಾನು ಇನ್‌ಚಾರ್ಜ್, ನೀವು ನನ್ನ ಕೈಕೆಳಗೆ. ಮೆಷಿನ್ ಬಾಲದ ಹತ್ರ ನಿಂತು ತುಂಡು ರಟ್ಟು ಹೆಕ್ಕೋ ಕೆಲಸ. ಸ್ಟೋರ್ ಅಂತೂ ಮುಚ್ತಾರೆ. ಅದನ್ನೂ ಹೇಳಿದ್ರಲ್ಲ ಮ್ಯಾನೇಜರ್! ನೀವು ಅದಕ್ಕೂ ಹೂಂ ಅಂದ್ರಿ.”

ಸ್ಟೋರ್‌ಕೀಪರಿಗೆ ಕಾಲಕೆಳಗಿನ ನೆಲವೇ ಕುಸಿದ ಹಾಗಾಯಿತು. ರಟ್ಟು ಹೆಕ್ಕುವುದಕ್ಕೆ ಅವರೇನೂ ಹಿಂಜರಿಯುವವರಲ್ಲ. ಆದರೆ ಚಿಕ್ಕ ಷಡ್ಡಕನ ಕೈಕೆಳಗೆ! ಅವನು ದಿನಕ್ಕೆ ಹತ್ತು ಸಲ “ಭಾವ, ಅಲ್ಲೊಂದು ತುಂಡು ಬಿಟ್ರಿ ನೋಡಿ” ಅನ್ನುತ್ತಾನೆ. ಅವನ ಹೆಂಡತಿ ಸಂಜೆಯೇ ಅಕ್ಕನಿಗೆ ಫೋನ್ ಮಾಡಿ ಇವತ್ತು ಎಷ್ಟು ತುಂಡು ಬಿಟ್ಟರೆಂದು ಹೇಳುತ್ತಾಳೆ. ಆಮೇಲೆ ತಲೆ ಎತ್ತಿಕೊಂಡು ಊಟಕ್ಕೆ ಕೂರುವುದು ಹೇಗೆ?

ಬುಧವಾರ ಮನೆಗೆ ಕಂಪ್ಯೂಟರ್ ಬಂತು. ಜಾಗವಿಲ್ಲದೆ ಅದನ್ನು ಊಟದ ಮೇಜಿನ ಮೇಲೆ ಕೂರಿಸಿದರು. ಮನೆಯವರೆಲ್ಲ ಊಟಕ್ಕೆ ನೆಲಕ್ಕಿಳಿದರು. ಮನೆಯವರೆಂದರೆ ಸ್ಟೋರ್‌ಕೀಪರ್, ಅವರ ಹೆಂಡತಿ, ಮತ್ತೆ ಅತ್ತೆ. ಈ ಅತ್ತೆ ಮೂವತ್ತು ವರ್ಷ ಶಿಶುವಿಹಾರ ನಡೆಸಿದವರು. ಬಡಾವಣೆಯ ಅರ್ಧ ಜನ ಅವರ ಮುಂದೆ ಕೈಕಟ್ಟಿ ಕೂತು, ಮೂಗೊರೆಸಿಕೊಂಡು, ಮನುಷ್ಯರಾದವರು. ನಿವೃತ್ತರಾದ ಮೇಲೆ ಗದರಿಸಲು ಮಕ್ಕಳಿಲ್ಲದೆ ಕಿಟಕಿಯ ಮೇಲೆ ಬಂದು ಕೂರುವ ಪಾರಿವಾಳಗಳಿಗೆ ಸಾಲಾಗಿ ಕೂರುವುದನ್ನು ಕಲಿಸುತ್ತಿದ್ದರು. ಅಳಿಯನಿಗೆ ಮಾತ್ರ ಎಲ್ಲಿಲ್ಲದ ಮರ್ಯಾದೆ. ಬಾಯಿ ತೆರೆದರೆ “ಅಳಿಯಂದ್ರೇ”.

ಸಂಜೆ ಆರಕ್ಕೆ ಸರಿಯಾಗಿ ಪರದೆಯ ಮೇಲೆ ಒಬ್ಬ ದಪ್ಪನೆಯ ಮನುಷ್ಯ ಮೂಡಿದ. ತಲೆಯಲ್ಲಿಲ್ಲದ ಕೂದಲೆಲ್ಲ ಮೀಸೆಗೆ ಬಂದಿತ್ತು. ಪರದೆಯ ಮೇಲ್ತುದಿಯಲ್ಲಿ ಎರಡು ಖಾಲಿ ಪಟ್ಟಿಗಳು, ಒಂದು ಇವರದು, ಒಂದು ಅವನದು. ಕಲಿತಷ್ಟೂ ಹಸಿರು ತುಂಬುತ್ತದೆ, ಪ್ರತಿ ಶನಿವಾರ ಎಷ್ಟು ತುಂಬಿತೆಂದು ಕಂಪ್ಯೂಟರ್ ತಾನಾಗಿಯೇ ಮ್ಯಾನೇಜರಿಗೆ ವರದಿ ಕಳಿಸುತ್ತದೆ ಎಂದು ತಂದು ಜೋಡಿಸಿದವನು ಹೇಳಿ ಹೋಗಿದ್ದ.

ಮೆಕ್ಯಾನಿಕ್ ಒಂದು ಸುತ್ತಿಗೆ ಎತ್ತಿ ತೋರಿಸಿ ಏನೋ ಅಂದ. ಸ್ಟೋರ್‌ಕೀಪರ್ ತುಂಬು ಗೌರವದಿಂದ “ಹೂಂ” ಅಂದರು.

ಟಿಣ್! ಪಟ್ಟಿಯಲ್ಲಿ ಒಂದು ಗೆರೆ ಹಸಿರು ಮೂಡಿತು.

ಅವನು ಸ್ಪ್ಯಾನರ್ ತೋರಿಸಿದ. ಹೂಂ. ಟಿಣ್! ಚಹಾ ಕಪ್ಪು ತೋರಿಸಿದ, ಟೋಪಿ ತೋರಿಸಿದ, ಕಿಟಕಿಯಾಚೆಯ ಹಿಮ ತೋರಿಸಿ ಉದ್ದಕ್ಕೆ ಏನೋ ಹೇಳಿದ. ಸ್ಟೋರ್‌ಕೀಪರ್ ಒಂದೊಂದಕ್ಕೂ ತಕ್ಕ ಹೂಂ ಹೆಕ್ಕಿ ಕೊಟ್ಟರು. ಎದುರಿನವರು ಹೇಳಿದ್ದಕ್ಕೆ ಸರಿಯಾದ ಹೊತ್ತಿಗೆ, ಸರಿಯಾದ ರಾಗದಲ್ಲಿ ಉತ್ತರ ಬಂದರೆ ಅರ್ಥವಾಯಿತೆಂದು ಲೆಕ್ಕ ಹಾಕುವುದು ಆ ಕಂಪ್ಯೂಟರಿನ ಪದ್ಧತಿ. ಇಪ್ಪತ್ತೆರಡು ವರ್ಷ ಮನುಷ್ಯರೇ ಮೋಸ ಹೋದ ಹೂಂಗೆ ಪಾಪ, ಯಂತ್ರ ಯಾವ ಲೆಕ್ಕ? ಅರ್ಧ ಗಂಟೆಯಲ್ಲಿ ಪಟ್ಟಿ ಬೆರಳಗಲ ಹಸಿರಾಯಿತು.

ಗಂಟೆ ಬಾರಿಸಿ ಎರಡನೆಯ ಅರ್ಧ ಶುರುವಾಯಿತು. ಈಗ ಇವರು ಕಲಿಸಬೇಕು. ಮೆಕ್ಯಾನಿಕ್ ಪುಸ್ತಕ ತೆರೆದು, ಪೆನ್ಸಿಲ್ ಹಿಡಿದು ಕಾದ. ಸ್ಟೋರ್‌ಕೀಪರ್ ಬಾಯಿ ತೆರೆದರು. ಏನು ಹೇಳುವುದು? ಜೀವಮಾನದಲ್ಲಿ ತಾವಾಗಿ ಮಾತು ಆರಂಭಿಸಿದವರಲ್ಲ. “ಹೂಂ?” ಅಂದರು. ಅವನು ಅದನ್ನೇ ಬರೆದುಕೊಂಡ.

ಹಿಂದೆ ಕೂತು ಇದನ್ನೆಲ್ಲ ನೋಡುತ್ತಿದ್ದ ಅತ್ತೆಗೆ ಜೀವ ತಡೆಯಲಿಲ್ಲ. ಎದುರಿಗೆ ಒಂದು ಮಗು ಪೆನ್ಸಿಲ್ ಹಿಡಿದು ಸುಮ್ಮನೆ ಕೂತಿದೆ, ಕಲಿಸುವವರಿಲ್ಲ!

“ಅಳಿಯಂದ್ರೇ, ಸ್ವಲ್ಪ ಈಚೆ ಸರೀರಿ,” ಎಂದು ಕುರ್ಚಿ ಎಳೆದುಕೊಂಡು ಕೂತೇ ಬಿಟ್ಟರು. “ಲೋ ಮಗಾ, ನೆಟ್ಟಗೆ ಕೂತ್ಕೋ. ಮೊದಲು ಮೂಗು ಒರೆಸ್ಕೋ. ಪೆನ್ಸಿಲ್ ಬಾಯಿಗೆ ಹಾಕ್ಬಾರ್ದು. ಹಾಂ, ಜಾಣ. ಈಗ ನಾನು ಹೇಳಿದ ಹಾಗೆ ಹೇಳು.”

ಅಂದಿನಿಂದ ಹೊಸ ಏರ್ಪಾಡೇ ಖಾಯಂ ಆಯಿತು. ಮೊದಲ ಅರ್ಧ ಗಂಟೆ ಮೆಕ್ಯಾನಿಕ್ ಮಾತಾಡುವುದು, ಸ್ಟೋರ್‌ಕೀಪರ್ ಹೂಂಗುಟ್ಟುವುದು. ಎರಡನೆಯ ಅರ್ಧ ಗಂಟೆ ಅತ್ತೆ ಗದರುವುದು, ಮೆಕ್ಯಾನಿಕ್ ಕಲಿಯುವುದು. ತಿಂಗಳೊಳಗೆ ಅವನು “ಅಮ್ಮಾ, ನಾನು ಹಲ್ಲು ಉಜ್ಜಿದ್ದೀನಿ” ಎಂದು ತಾನಾಗಿಯೇ ವರದಿ ಒಪ್ಪಿಸುವ ಮಟ್ಟಕ್ಕೆ ಬಂದ.

ಇತ್ತ ಶನಿವಾರದ ವರದಿಗಳು ಕಾರ್ಖಾನೆಯಲ್ಲಿ ಗುಲ್ಲೆಬ್ಬಿಸಿದವು. ಮೊದಲ ವಾರ ನೂರಕ್ಕೆ ನಲವತ್ತು. ಆಮೇಲೆ ಅರವತ್ತೆಂಟು, ಎಂಬತ್ತೊಂದು. ಮ್ಯಾನೇಜರ್ ಅದನ್ನು ನೋಟಿಸ್ ಬೋರ್ಡಿಗೆ ಅಂಟಿಸಿದರು. ಷಡ್ಡಕ ದಿನಾ ಬೆಳಿಗ್ಗೆ ಅದರ ಮುಂದೆ ನಿಂತು, ಅಂಕಿ ತಲೆಕೆಳಗಾಗಿ ಬರೆದಿರಬಹುದೇ ಎಂದು ಕತ್ತು ತಿರುಗಿಸಿ ನೋಡುತ್ತಿದ್ದ.

ಕೀರ್ತಿ ಬೀದಿಗೂ ಹಬ್ಬಿತು. ಎದುರುಮನೆಯ ನಿವೃತ್ತ ಪೋಸ್ಟ್‌ಮಾಸ್ಟರ್ ಹೊಸ ಬಟ್ಟೆ ಒಗೆಯುವ ಮೆಷಿನ್ ತಂದಿದ್ದರು. ಅದರ ಜೊತೆ ಬಂದ ಪುಸ್ತಕ ಅದೇ ಫಾರಿನ್ ಭಾಷೆಯದು. “ನೀವಿರುವಾಗ ನಮಗೇನು ಚಿಂತೆ?” ಎಂದು ಅವರು ಸ್ಟೋರ್‌ಕೀಪರನ್ನು ಕೈಹಿಡಿದು ಬಚ್ಚಲಿಗೆ ಕರೆದೊಯ್ದರು.

ಸ್ಟೋರ್‌ಕೀಪರ್ ಕನ್ನಡಕ ಏರಿಸಿ ಪುಟ ತಿರುವಿದರು. ಇರುವೆಗಳು ಶಾಯಿ ತುಳಿದು ನಡೆದ ಹಾಗಿತ್ತು.

“ಈ ಗುಂಡೀನ ಬಲಕ್ಕೆ ತಿರುಗಿಸ್ಬೇಕಾ?” ಪೋಸ್ಟ್‌ಮಾಸ್ಟರ್ ಕೇಳಿದರು.

“ಹೂಂ.”

“ಪೂರ್ತಿ ಬಲಕ್ಕೆ?”

“ಹೂಂ.”

“ಕೆಳಗಿರೋ ಈ ನಾಲ್ಕು ಬೋಲ್ಟು ಬಿಚ್ಚಿಬಿಡ್ಬೇಕಾ?”

ಈ ಹೂಂ ಹೇಳುವಾಗ ಸ್ಟೋರ್‌ಕೀಪರಿಗೆ ಕೊಂಚ ಅಳುಕಿತ್ತು, ನಿಜ. ಆದರೆ ನಾಲಿಗೆಗೆ ಬೇರೆ ದಾರಿ ಗೊತ್ತಿರಲಿಲ್ಲ. ಮೆಷಿನ್ ಒಮ್ಮೆ ಗುಡುಗಿತು, ಎರಡು ಸಲ ಜಿಗಿಯಿತು, ಆಮೇಲೆ ಬಚ್ಚಲ ಹೊಸ್ತಿಲು ದಾಟಿ ಕುಣಿಯುತ್ತ ಹಜಾರಕ್ಕೆ ಬಂತು. ಪೋಸ್ಟ್‌ಮಾಸ್ಟರರ ಹೆಂಡತಿ ಸೋಫಾ ಹತ್ತಿದರು. ಪೋಸ್ಟ್‌ಮಾಸ್ಟರ್ ಮೆಷಿನ್ನನ್ನು ಹಿಂದಿನಿಂದ ತಬ್ಬಿಕೊಂಡು ಅದರ ಜೊತೆ ಎರಡು ಸುತ್ತು ಹಾಕಿದರು. ವಯರು ಕಿತ್ತು ಬಂದ ಮೇಲೆಯೇ ಅದು ಬೀದಿ ಬಾಗಿಲಲ್ಲಿ ನಿಂತದ್ದು.

ಸ್ಟೋರ್‌ಕೀಪರ್ ಕಣ್ಣುಮುಚ್ಚಿಕೊಂಡು ಬೈಗುಳಕ್ಕೆ ಕಾದರು. ಪೋಸ್ಟ್‌ಮಾಸ್ಟರ್ ಏದುಸಿರು ಬಿಡುತ್ತ ಬಟ್ಟೆ ಹೊರಗೆಳೆದರು.

“ನೋಡೇ, ಎಷ್ಟು ಬೆಳ್ಳಗಾಗಿದೆ!” ಎಂದು ಹೆಂಡತಿಗೆ ಕೂಗಿ ಹೇಳಿದರು. “ಆ ದೇಶದಲ್ಲಿ ಹೀಗೇ ಓಡಾಡಿಸಿ ಒಗೀತಾರೆ ಅಂತ ಕಾಣುತ್ತೆ. ಭಾಷೆ ಗೊತ್ತಿದ್ದೋರು ಪಕ್ಕದಲ್ಲಿದ್ರೆ ಇದೇ ಉಪಯೋಗ.”

ಮೂರನೆಯ ತಿಂಗಳಲ್ಲಿ ಒಂದು ಸಂಜೆ ಬೇರೆಯೇ ಸಂಗತಿ ನಡೆಯಿತು. ಮೆಕ್ಯಾನಿಕ್ ಸುತ್ತಿಗೆ, ಸ್ಪ್ಯಾನರ್ ಏನನ್ನೂ ಎತ್ತಲಿಲ್ಲ. ಮೇಜಿನ ಮೇಲೆ ಕೈಯಿಟ್ಟುಕೊಂಡು ಮೆಲುದನಿಯಲ್ಲಿ ಮಾತಾಡತೊಡಗಿದ. ನಡುವೆ ನಿಲ್ಲಿಸುತ್ತಿದ್ದ, ಸ್ಟೋರ್‌ಕೀಪರ್ ಪುಟ್ಟ ಹೂಂ ಕೊಡುತ್ತಿದ್ದರು, ಅವನು ಮುಂದುವರಿಸುತ್ತಿದ್ದ. ಹಾಗೇ ಹೇಳುತ್ತ ಹೇಳುತ್ತ ಆ ದೊಡ್ಡ ಮೀಸೆ ನಡುಗಿತು. ಮನುಷ್ಯ ಅಳುತ್ತಿದ್ದ.

ಯಾಕೆಂದು ಸ್ಟೋರ್‌ಕೀಪರಿಗೆ ಎಳ್ಳಷ್ಟೂ ತಿಳಿಯಲಿಲ್ಲ. ಆದರೂ ತಮಗೆ ಗೊತ್ತಿದ್ದ ಹೂಂಗಳಲ್ಲೆಲ್ಲ ಅತಿ ಮೆತ್ತನೆಯದನ್ನು ಆರಿಸಿ ಕೊಟ್ಟರು. ಅದೂ ಸಾಲದೆನಿಸಿ, ಹೆಂಡತಿ ಆಗಷ್ಟೇ ತಂದಿಟ್ಟ ಚಹಾದ ಲೋಟವನ್ನು ಪರದೆಯ ಹತ್ತಿರಕ್ಕೆ ಸರಿಸಿದರು. ಅವನು ಅದನ್ನು ನೋಡಿ ಅಳುತ್ತಲೇ ನಕ್ಕ. ಕಂಪ್ಯೂಟರ್ ಮಾತ್ರ ಇದೊಂದೂ ಗೊತ್ತಾಗದೆ ಟಿಣ್ ಟಿಣ್ ಅನ್ನುತ್ತ ತೊಂಬತ್ತು ದಾಟಿಸಿತು.

ಅಂತೂ ಮೆಷಿನ್ ಬಂತು, ಮೆಕ್ಯಾನಿಕ್ಕೂ ಬಂದ. ಮರುದಿನ ಬೆಳಿಗ್ಗೆ ಕಾರ್ಖಾನೆಯಲ್ಲಿ ಸ್ವಾಗತ ಸಮಾರಂಭ. ಮಾಲೀಕರು ಬರುತ್ತಾರೆ, ಕೆಲಸಗಾರರ ಮನೆಯವರೂ ಬರಬೇಕು. ವೇದಿಕೆಯ ಮೇಲೆ ಮೆಕ್ಯಾನಿಕ್ ತನ್ನ ಭಾಷೆಯಲ್ಲಿ ಭಾಷಣ ಮಾಡತಕ್ಕದ್ದು, ತೊಂಬತ್ತೇಳು ಮಾರ್ಕಿನ ನಮ್ಮ ಸ್ಟೋರ್‌ಕೀಪರ್ ಅದನ್ನು ಎಲ್ಲರಿಗೂ ತಿಳಿಸಿ ಹೇಳತಕ್ಕದ್ದು ಎಂದು ಮ್ಯಾನೇಜರ್ ಫರ್ಮಾನು ಹೊರಡಿಸಿದರು.

ಸ್ಟೋರ್‌ಕೀಪರ್ ಬೆಳಿಗ್ಗೆ ಕಂಬಳಿ ಹೊದ್ದು ಮಲಗಿಬಿಟ್ಟರು.

“ನಂಗೆ ಜ್ವರ ಕಣೇ.”

ಹೆಂಡತಿ ಹಣೆ ಮುಟ್ಟಿ ನೋಡಿದಳು. “ಏನೂ ಇಲ್ಲ. ತಣ್ಣಗಿದೆ.”

“ಒಳಗಿದೆ. ಕೇಳಿಲ್ಲಿ, ನಂಗೆ ಆ ಭಾಷೆ ಒಂದಕ್ಷರ ಬರಲ್ಲ.”

“ಅದು ನಂಗೆ ಮೊದಲ ದಿನಾನೇ ಗೊತ್ತು. ನಂಗೂ ನೀವು ಹಾಗೇ ತಾನೇ ಹೂಂ ಅನ್ನೋದು? ಏಳಿ. ನೀವು ಏಳಲಿಲ್ಲ ಅಂದ್ರೆ ನನ್ನ ತಂಗಿ ಇವತ್ತು ಸಂಜೆಯಿಂದಲೇ ಫೋನ್ ಶುರು ಮಾಡ್ತಾಳೆ.”

ಬಾಗಿಲಾಚೆಯಿಂದ ಅತ್ತೆಯ ದನಿ ಬಂತು. “ಅಳಿಯಂದ್ರೇ, ಹೆದರ್ಬೇಡಿ. ಹುಡುಗನ್ನ ಚೆನ್ನಾಗಿ ತಯಾರು ಮಾಡಿದೀನಿ.” ಆ ಹುಡುಗನಿಗೆ ಐವತ್ತಾರು ವರ್ಷ.

ಸಭೆ ತುಂಬಿತ್ತು. ಮ್ಯಾನೇಜರ್ ಮೆಕ್ಯಾನಿಕ್ಕಿಗೆ ಕೈಸನ್ನೆ ಮಾಡುತ್ತ, ಕಿವುಡರಿಗೆ ಹೇಳುವ ಹಾಗೆ ಕೂಗಿ, ನಿನ್ನ ಭಾಷೆಯಲ್ಲೇ ಮಾತಾಡು ಎಂದು ತಿಳಿಸಿದರು. ಅವನು, ಹೇಳಿದ ಮಾತು ಕೇಳುವ ಮಗುವಿನ ಹಾಗೆ, ತಲೆಯಾಡಿಸಿ ಎದ್ದು, ಐದು ನಿಮಿಷ ನಿರರ್ಗಳವಾಗಿ ಮಾತಾಡಿ ಕೂತ. ಎಲ್ಲರ ಕಣ್ಣೂ ಸ್ಟೋರ್‌ಕೀಪರರ ಮೇಲೆ ಬಿತ್ತು.

ಸ್ಟೋರ್‌ಕೀಪರ್ ಎದ್ದು ಮೈಕು ಹಿಡಿದರು.

“ಸಂತೋಷ ಆಯ್ತು ಅಂದ್ರು.”

“ಅಷ್ಟೇನಾ?” ಮುಂದಿನ ಸಾಲಿನಿಂದ ಷಡ್ಡಕ ಕೂಗಿದ. “ಐದು ನಿಮಿಷ ಮಾತಾಡಿದ್ರಲ್ಲ ಭಾವ!”

“ತುಂಬಾ ಸಂತೋಷ ಆಯ್ತು ಅಂದ್ರು.”

ಷಡ್ಡಕ ಎದ್ದೇ ನಿಂತ. ಮೆಷಿನ್ನಿನ ಪೆಟ್ಟಿಗೆಯ ಮೇಲಿದ್ದ ಮೆಕ್ಯಾನಿಕ್ಕಿನ ಸುತ್ತಿಗೆ ಎತ್ತಿ ಹಿಡಿದ. “ಮಾಲೀಕರೇ, ನಂಗೊಂದು ಅನುಮಾನ. ಇದಕ್ಕೆ ಅವರ ಭಾಷೇಲಿ ಏನಂತಾರೆ? ಭಾವ ಒಂದೇ ಒಂದು ಮಾತು ಹೇಳಿಬಿಡ್ಲಿ, ನಾನು ಸುಮ್ಮನಾಗ್ತೀನಿ.”

ನಾಲ್ಕು ತಿಂಗಳಲ್ಲಿ ಆ ಸುತ್ತಿಗೆಯನ್ನು ಸ್ಟೋರ್‌ಕೀಪರ್ ನೂರು ಸಲ ನೋಡಿದ್ದರು. ಸುತ್ತಿಗೆ ಅವರನ್ನು ನೋಡಿತು. ಅವರು ಸುತ್ತಿಗೆಯನ್ನು ನೋಡಿದರು. ಗಂಟಲಿಂದ ಹೊರಬಂದದ್ದು ಒಂದೇ.

“ಹೂಂ.”

ಮಾಲೀಕರು ಎದ್ದರು. “ಏನ್ರೀ ಮ್ಯಾನೇಜರ್? ತೊಂಬತ್ತೇಳು ಮಾರ್ಕ್ಸ್ ಅಂದ್ರಿ!”

“ಸಾರ್, ಕಂಪ್ಯೂಟರ್ರೇ ಹೇಳಿದ್ದು ಸಾರ್...”

“ನಾನು ಮೊದಲೇ ಹೇಳಿರ್ಲಿಲ್ವಾ ಸಾರ್,” ಷಡ್ಡಕ ಶುರು ಹಚ್ಚಿದ, “ಇವರಿಗೆ ಭಾಷೆ ಬರಲ್ಲ, ಏನೂ ಬರಲ್ಲ, ಬರೀ...”

“ಏಯ್! ಯಾರದು ಮಧ್ಯೆ ಬಾಯಿ ಹಾಕೋದು?”

ಇಡೀ ಸಭೆ ಬೆಚ್ಚಿತು. ಮೈಕು ಮೆಕ್ಯಾನಿಕ್ಕಿನ ಕೈಯಲ್ಲಿತ್ತು.

“ಎಲ್ಲಾ ನೆಟ್ಟಗೆ ಕೂತ್ಕೊಳ್ಳಿ! ಕೈ ಕಟ್ಟಿ! ಬಾಯಿ ಮೇಲೆ ಬೆರಳು!”

ದನಿ ಗಂಡಸಿನದು, ಆದರೆ ಗದರಿಕೆ ಅತ್ತೆಯದೇ, ಒಂದು ಚೂರೂ ಆಚೀಚೆಯಿಲ್ಲ. ಶಿಶುವಿಹಾರದಲ್ಲಿ ಬೆಳೆದ ಆ ಜನ ಯೋಚಿಸುವ ಮೊದಲೇ ಅವರ ಕೈಗಳು ಕಟ್ಟಿಕೊಂಡವು, ನೂರೈವತ್ತು ಬೆರಳುಗಳು ನೂರೈವತ್ತು ತುಟಿಗಳ ಮೇಲೆ ಕೂತವು. ಮ್ಯಾನೇಜರ್ ಜೇಬಿನಿಂದ ಕರ್ಚೀಫ್ ತೆಗೆದು ಮೂಗನ್ನೂ ಒರೆಸಿಕೊಂಡರು. ಮಾಲೀಕರು ಬೇರೆ ಊರಿನವರು, ಅವರಿಗೆ ಇದರ ಹಿನ್ನೆಲೆ ಗೊತ್ತಿಲ್ಲ. ಆದರೂ ಸುಮ್ಮನೆ ಯಾಕೆ ಬೇಕೆಂದು ಕೂತು, ತಾವೂ ತುಟಿಗೆ ಬೆರಳಿಟ್ಟರು.

“ಲೋ ಮಗಾ,” ಎಂದು ಮೆಕ್ಯಾನಿಕ್ ಮಾಲೀಕರ ಕಡೆ ತಿರುಗಿದ. “ಹಠ ಮಾಡಬಾರದು. ಹೇಳೋದು ಕೇಳು. ಅಳಿಯಂದ್ರಿಗೆ ನಮ್ಮ ಭಾಷೆ ಬರಲ್ಲ. ನಂಗೆ ಎರಡನೇ ವಾರಾನೇ ಗೊತ್ತಾಯ್ತು.”

“ಹೇಗೆ?” ಮಾಲೀಕರು ಬೆರಳಿನ ಸಂದಿಯಿಂದ ಕೇಳಿದರು.

“ನಿಮ್ಮ ತಲೆ ಮೇಲೆ ಹಲ್ಲಿ ಕೂತಿದೆ ಅಂದೆ. ಹೂಂ ಅಂದ್ರು. ನಮ್ಮ ಮನೆಗೆ ಬೆಂಕಿ ಬಿದ್ದಿದೆ ಅಂದೆ. ಮುಂದೆ ಹೇಳಿ ಅನ್ನೋ ಹಾಗೆ ಹೂಂ ಅಂದ್ರು.”

ಸಭೆಯಲ್ಲಿ ಬೆರಳುಗಳ ಹಿಂದೆ ನಗೆ ಉಕ್ಕಿತು. ಸ್ಟೋರ್‌ಕೀಪರಿಗೆ ವೇದಿಕೆ ಬಾಯ್ಬಿಟ್ಟು ತಮ್ಮನ್ನು ನುಂಗಬಾರದೇ ಎನಿಸಿತು. ಷಡ್ಡಕನ ಕೈಕೆಳಗಿನ ತುಂಡು ರಟ್ಟುಗಳು ಕಣ್ಣಮುಂದೆ ಹಾರಾಡಿದವು.

“ನಗಬಾರದು!” ಮೆಕ್ಯಾನಿಕ್ ಗದರಿದ. ಆಮೇಲೆ ಅವನ ದನಿ ಇಳಿಯಿತು. “ನನ್ನ ಹೆಂಡತಿ ಹೋಗಿ ಎರಡು ವರ್ಷ ಆಯ್ತು. ನಮ್ಮೂರಲ್ಲಿ ನನ್ನ ಭಾಷೆ ಎಲ್ಲಾರಿಗೂ ಬರುತ್ತೆ. ನಾನು ಬಾಯಿ ಬಿಟ್ರೆ ಸಾಕು, ಎರಡನೇ ಮಾತಿಗೇ ಬುದ್ಧಿ ಹೇಳ್ತಾರೆ. ನಾಯಿ ಸಾಕು ಅಂತಾರೆ, ಊರು ಬಿಡು ಅಂತಾರೆ. ಪೂರ್ತಿ ಯಾರೂ ಕೇಳಲಿಲ್ಲ. ಅಳಿಯಂದ್ರಿಗೆ ಒಂದು ಮಾತೂ ತಿಳೀಲಿಲ್ಲ, ಆದ್ರೆ ಅರವತ್ತು ಗಂಟೆ ಕೇಳಿದ್ರು. ಹೂಂ ಅಂದ್ರು. ನಾನು ಅತ್ತಾಗ ಚಹಾ ಕೊಟ್ರು.”

ಸ್ಟೋರ್‌ಕೀಪರ್ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡರು. ಕಣ್ಣು ಒರೆಸಿಕೊಳ್ಳಲು ಆಮೇಲೆ ನೆನಪಾಯಿತು. ಮುಂದಿನ ಸಾಲಿನಲ್ಲಿ ಅತ್ತೆ ಮಾತ್ರ ತಲೆಯೆತ್ತಿ ಕೂತು, ಒಂದೇ ಒಂದು ತಪ್ಪಿಲ್ಲದೆ ಹೇಳಿದ ಶಿಷ್ಯನ ಕಡೆ ನೋಡಿ ‘ಜಾಣ’ ಎಂದು ತುಟಿಯಲ್ಲೇ ಅಂದರು.

“ಅದೆಲ್ಲಾ ಸರಿ,” ಮಾಲೀಕರು ಗಂಟಲು ಸರಿಪಡಿಸಿಕೊಂಡರು. “ಮೆಷಿನ್ ನೋಡ್ಕೊಳ್ಳೋರು ಯಾರು?”

“ಭಾಷೆ ಚಿಂತೆ ನಿಂಗೆ ಬೇಡ ಮಗಾ, ನಾನು ನಿಮ್ಮ ಭಾಷೇಲೇ ಕಲಿಸ್ತೀನಿ. ಆದ್ರೆ ಮೆಷಿನ್ ಕೂಡಾ ಮಾತಾಡುತ್ತೆ. ಕೆಡೋ ಮುಂಚೆ ಗೊರಗೊರ ಅಂತ ಹೇಳುತ್ತೆ. ಅದು ಹೇಳೋವಾಗ ಬಾಯಿ ಮುಚ್ಕೊಂಡು ಕೇಳೋರು ಬೇಕು.” ಅವನು ಸುತ್ತಿಗೆ ಹಿಡಿದು ಇನ್ನೂ ನಿಂತೇ ಇದ್ದ ಷಡ್ಡಕನನ್ನು ಮೇಲಿಂದ ಕೆಳಗೆ ನೋಡಿದ. “ಈ ಮಗು ಬೇಡ. ಇದು ಬೆಳಿಗ್ಗೆಯಿಂದ ಮೂರು ಸಲ ನನ್ನ ಮಾತಿಗೆ ಅಡ್ಡ ಬಂತು. ಅಳಿಯಂದ್ರೇ ಇರಲಿ.”

“ಅಲ್ಲ ಸಾರ್, ನಾನು...” ಎಂದ ಷಡ್ಡಕ.

“ನಾಲ್ಕು,” ಎಂದ ಮೆಕ್ಯಾನಿಕ್.

ಮಾಲೀಕರು ಜೋರಾಗಿ ನಕ್ಕುಬಿಟ್ಟರು. “ಆಯ್ತಪ್ಪ, ಸ್ಟೋರ್‌ಕೀಪರೇ ಇನ್‌ಚಾರ್ಜ್! ಅಂದ ಹಾಗೆ, ಮೊದಲು ಐದು ನಿಮಿಷ ನಿಮ್ಮ ಭಾಷೇಲಿ ಏನು ಹೇಳಿದ್ರಿ?”

ಮೆಕ್ಯಾನಿಕ್ ಕೊಂಚ ಯೋಚಿಸಿದ. “ಸಂತೋಷ ಆಯ್ತು ಅಂದೆ. ತುಂಬಾ ಸಂತೋಷ ಆಯ್ತು ಅಂದೆ. ಅಳಿಯಂದ್ರು ಸರಿಯಾಗೇ ಹೇಳಿದ್ರು.”

ಚಪ್ಪಾಳೆಯ ಸದ್ದಿಗೆ ಸೂರಿನ ತಗಡು ನಡುಗಿತು. ಸ್ಟೋರ್‌ಕೀಪರರ ಹೆಂಡತಿ ಕುರ್ಚಿ ತಿರುಗಿಸಿಕೊಂಡು ಹಿಂದಿನ ಸಾಲಿನಲ್ಲಿದ್ದ ತಂಗಿಯ ಕಡೆ ನೋಡಿ, “ಸಂಜೆ ಫೋನ್ ಮಾಡ್ತೀಯಲ್ಲೇ?” ಎಂದು ಪ್ರೀತಿಯಿಂದ ವಿಚಾರಿಸಿದಳು.

ಮಾಲೀಕರಿಗೆ ಹುರುಪು ಏರಿತ್ತು. “ಬರೋ ವರ್ಷ ಇನ್ನೊಂದು ದೇಶದಿಂದ ಅಂಟು ಹಾಕೋ ಮೆಷಿನ್ ತರಿಸ್ತಾ ಇದೀನಿ. ಅವರ ಭಾಷೆ ಬೇರೆ. ಅದನ್ನೂ ಕಂಪ್ಯೂಟರ್ ಮುಂದೆ ಕೂತು ನೀವೇ ಕಲೀತೀರಿ ತಾನೇ?”

ಉತ್ತರ ಏನೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಮ್ಯಾನೇಜರ್ ಆಗಲೇ ಡೈರಿ ತೆರೆದು ‘ಒಪ್ಪಿದ್ದಾರೆ’ ಎಂದು ಬರೆಯತೊಡಗಿದ್ದರು. ಸ್ಟೋರ್‌ಕೀಪರ್ ಬಾಯಿ ತೆರೆದರು. ತೆರೆದದ್ದನ್ನು ಮುಚ್ಚಿದರು. ಹೆಂಡತಿಯನ್ನು ನೋಡಿದರು, ಸುತ್ತಿಗೆಯನ್ನು ನೋಡಿದರು. ಇಪ್ಪತ್ತೆರಡು ವರ್ಷದ ಗಂಟಲನ್ನು ಒಮ್ಮೆ ಬಲವಾಗಿ ಸರಿಪಡಿಸಿಕೊಂಡರು.

“ಊಹೂಂ,” ಅಂದರು.

ಮ್ಯಾನೇಜರರ ಪೆನ್ನು ನಡುದಾರಿಯಲ್ಲಿ ನಿಂತಿತು. ಮೆಕ್ಯಾನಿಕ್ ಗಾಬರಿಯಿಂದ ಜೇಬಿನ ಪುಸ್ತಕ ತೆಗೆದು ಹಾಳೆ ಮೇಲೆ ಹಾಳೆ ಮಗುಚಿ ಹುಡುಕಿದ. ಎಲ್ಲೂ ಸಿಗದೆ ಕೊನೆಗೆ ಮುಂದಿನ ಸಾಲಿನ ಕಡೆ ಬಗ್ಗಿ ಕೇಳಿದ.

“ಅಮ್ಮಾ, ಇದ್ಯಾವ ಮಾತು? ಇದನ್ನ ನೀನು ಕಲಿಸಲೇ ಇಲ್ಲ.”

“ಎಲ್ಲಿಂದ ಕಲಿಸಲೋ ಮಗಾ?” ಅಂದರು ಅತ್ತೆ, ಅಳಿಯನನ್ನು ಕಣ್ತುಂಬ ನೋಡುತ್ತ. “ನಮ್ಮನೇಲಿ ಆ ಮಾತು ಹುಟ್ಟಿದ್ದೇ ಇವತ್ತು.”